ಕೆಂಪು ಪೆನ್ನು, ಬಿಳಿ ಕಾಲುಚೀಲ

ಅಪ್ಪ ಅಮ್ಮ 2024ರ ಏಪ್ರಿಲ್‌ನಲ್ಲಿ ಅರಸೀಕೆರೆಯಿಂದ ನಮ್ಮ ಮನೆಗೆ ಬಂದರು. ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಏಪ್ರಿಲ್‌ನಲ್ಲಿ ಬಂದರೆ ಅಕ್ಟೋಬರ್ ಶುರುವಿನಲ್ಲಿ ವಾಪಸ್, ಚಳಿ ಬೀಳುವ ಮುಂಚೆ. ಇದಕ್ಕೆ ನಾವು ಸ್ನೇಹಿತರು ‘ಅಪ್ಪ ಅಮ್ಮನ ಸೀಸನ್’ ಅಂತ ಹೆಸರಿಟ್ಟಿದ್ದೇವೆ. ಬೇಸ್‌ಬಾಲ್ ಸೀಸನ್ ಕೂಡ ಹೆಚ್ಚುಕಮ್ಮಿ ಅದೇ ಆರು ತಿಂಗಳು ಅನ್ನುವುದು ನನಗೆ ಹೊಳೆದದ್ದು ಆ ವರ್ಷವೇ.

ಮೊದಲ ವಾರ ಚೆನ್ನಾಗಿಯೇ ಇರುತ್ತೆ. ಕೋಡುಬಳೆ, ಚಟ್ನಿಪುಡಿ, ಊರಿನ ಸುದ್ದಿ. ಆಮೇಲೆ ನಾವಿಬ್ಬರೂ ಆಫೀಸಿಗೆ, ಮಗಳು ಸ್ಕೂಲಿಗೆ. ಅಮ್ಮನಿಗೆ ಅಡುಗೆಮನೆ ಇದೆ, ಧಾರಾವಾಹಿ ಇದೆ, ಫೋನಿನಲ್ಲಿ ಚಿಕ್ಕಮ್ಮ ಇದ್ದಾರೆ. ಅಪ್ಪನಿಗೆ ಏನೂ ಇಲ್ಲ. ಕೂರೋಕೆ ಅರಳಿಕಟ್ಟೆ ಇಲ್ಲ, ನಡೆದುಹೋಗಿ ಕಾಫಿ ಕುಡಿಯೋಕೆ ಹೋಟೆಲ್ ಇಲ್ಲ. ಮೂವತ್ತೊಂದು ವರ್ಷ ಹಳ್ಳಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ಮನುಷ್ಯ. ಕತ್ತಿನಲ್ಲಿ ವಿಷಲ್ ಇಲ್ಲದೆ, ಊದೋಕೆ ಮಕ್ಕಳಿಲ್ಲದೆ, ನಮ್ಮ ಸೋಫಾದ ಒಂದು ಮೂಲೆಯಲ್ಲಿ ಕಿಟಕಿ ನೋಡಿಕೊಂಡು ಕೂತಿರುತ್ತಿದ್ದರು.

ಬೆಳಗ್ಗೆ ಐಪಿಎಲ್ ಇತ್ತು. ಅಲ್ಲಿ ರಾತ್ರಿಯ ಮ್ಯಾಚು ಇಲ್ಲಿ ಬೆಳಗ್ಗೆ ಒಂಬತ್ತಕ್ಕೆ. ಸಂಜೆಗೆ ಏನು? ರಿಮೋಟ್ ಒತ್ತುತ್ತಾ ಒತ್ತುತ್ತಾ ಒಂದು ದಿನ ಬೇಸ್‌ಬಾಲ್ ಸಿಕ್ಕಿತು. ನಮ್ಮ ಪ್ಯಾಕೇಜಿನಲ್ಲಿ ಕಬ್ಸ್ ತಂಡದ ಚಾನೆಲ್ ಇರಲಿಲ್ಲ, ವೈಟ್ ಸಾಕ್ಸ್ ಮ್ಯಾಚು ತೋರಿಸುವ ಚಾನೆಲ್ ಇತ್ತು. ಅಷ್ಟೇ ಕಾರಣ. ಶಿಕಾಗೋದಲ್ಲಿ ಎರಡು ತಂಡ. ಉತ್ತರಕ್ಕೆ ಕಬ್ಸ್, ದಕ್ಷಿಣಕ್ಕೆ ವೈಟ್ ಸಾಕ್ಸ್. ಇಲ್ಲಿನವರು ಯಾರ ಕಡೆ ಅನ್ನುವುದು ಹುಟ್ಟಿದ ಮನೆಯಿಂದ ಬರುತ್ತೆ. ನಮ್ಮ ಅಪ್ಪನಿಗೆ ಕೇಬಲ್‌ನಿಂದ ಬಂತು.

“ಇದು ನಮ್ಮ ಖೋಖೋ ತರಾನೇ ಕಣೋ. ಫೀಲ್ಡಲ್ಲಿ ಒಂಬತ್ತು ಜನ,” ಅಂದರು ಎರಡನೇ ದಿನ. ಮೂರನೇ ದಿನ, “ಮೂರು ಔಟ್ ಆದ್ರೆ ಮುಗೀತಾ? ಇದೆಂಥ ಇನಿಂಗ್ಸು?” ಅಂದರು. ನಾಲ್ಕನೇ ದಿನ ಮೊಮ್ಮಗಳ ಹತ್ತಿರ ಒಂದು ಖಾಲಿ ನೋಟ್‌ಬುಕ್ ಇಸ್ಕೊಂಡರು.

ಮೇಷ್ಟ್ರ ಅಭ್ಯಾಸ ಹೋಗುತ್ತಾ? ಪುಟಕ್ಕೆ ನಾಲ್ಕು ಗೆರೆ. ತಾರೀಖು, ಎದುರಾಳಿ, ಸ್ಕೋರು, ಷರಾ. ಗೆದ್ದರೆ ನೀಲಿ ಪೆನ್ನು, ಸೋತರೆ ಕೆಂಪು. ಜೆಟ್‌ಲ್ಯಾಗ್ ಪೂರ್ತಿ ಇಳಿಯುವಷ್ಟರಲ್ಲಿ ವೈಟ್ ಸಾಕ್ಸ್ 25 ಆಟ ಆಡಿತ್ತು. ಗೆದ್ದಿದ್ದು 3, ಸೋತಿದ್ದು 22. ಅಪ್ಪ ಬರುವ ಮುಂಚಿನವನ್ನೂ ನನ್ನ ಕೈಲಿ ಹುಡುಕಿಸಿ ಬರೆದುಕೊಂಡಿದ್ದರು. ಪುಟ ನೋಡಿದರೆ ಪೆದ್ದ ಹುಡುಗನ ಉತ್ತರ ಪತ್ರಿಕೆ ತಿದ್ದಿದ ಹಾಗಿತ್ತು.

“ಇವರು ಯಾಕೆ ಹಿಂಗೆ?” ಅಂತ ಕೇಳಿದರು. ನನಗೂ ಅಷ್ಟಾಗಿ ಗೊತ್ತಿರಲಿಲ್ಲ. ಆ ತಂಡದ ಮೂರು ಮುಖ್ಯ ಬ್ಯಾಟರ್‌ಗಳು, ಎಲೋಯ್ ಹಿಮೆನೆಸ್, ಲೂಯಿಸ್ ರಾಬರ್ಟ್, ಯೋನ್ ಮೊಂಕಾಡ, ಮೊದಲ ಎರಡು ವಾರದಲ್ಲೇ ಒಬ್ಬರ ಹಿಂದೆ ಒಬ್ಬರು ಗಾಯ ಮಾಡಿಕೊಂಡು ಕೂತಿದ್ದರು. ಅದೊಂದು ಕಾರಣ. ಆದರೆ ಮೂರು ಜನ ಇಲ್ಲ ಅಂತ 22 ಸೋಲು ಬರಲ್ಲ ಅನ್ನುವುದು ಖೋಖೋ ಮೇಷ್ಟ್ರಿಗೆ ಗೊತ್ತಿತ್ತು.

ಸೋಲಿನ ವಿಷಯದಲ್ಲಿ ಅಪ್ಪನಿಗೆ ಅನುಭವ ಜಾಸ್ತಿ. ಅವರ ಸ್ಕೂಲಿನ ಖೋಖೋ ಟೀಮು ತಾಲ್ಲೂಕು ಕ್ರೀಡಾಕೂಟದ ಮೊದಲ ರೌಂಡ್ ದಾಟಿದ್ದು ಅವರ ಸರ್ವಿಸಿನಲ್ಲಿ ನಾಲ್ಕೇ ಸಲ. ನಾನು ಚಿಕ್ಕವನಿದ್ದಾಗ ಜೊತೆಗೆ ಹೋಗಿದ್ದು ನೆನಪಿದೆ. ಟೆಂಪೋದಲ್ಲಿ ಹೋಗೋದು, ಹತ್ತೂವರೆಗೆ ಸೋಲೋದು, ಆಮೇಲೆ ಸಂಜೆವರೆಗೂ ಬೇರೆಯವರ ಆಟ ನೋಡಿಕೊಂಡು ಕೂರೋದು. ಯಾಕಂದರೆ ಟೆಂಪೋದವನು ಬರೋದು ಐದು ಗಂಟೆಗೆ. ಪ್ಲಾಸ್ಟಿಕ್ ಕವರಿನಲ್ಲಿ ಚಿತ್ರಾನ್ನ, ಒಂದೊಂದು ಬಾಳೆಹಣ್ಣು. ಸೋತ ಹುಡುಗರಿಗೆ ಅಪ್ಪ ಬೈದದ್ದು ನಾನು ನೋಡಿಲ್ಲ. ಸಮಾಧಾನ ಮಾಡಿದ್ದೂ ನೋಡಿಲ್ಲ. ಸಾಲಾಗಿ ನಿಲ್ಲಿಸಿ ತಲೆ ಎಣಿಸುತ್ತಿದ್ದರು, ಅಷ್ಟೆ.

ಬೇಸ್‌ಬಾಲ್‌ನ ಸೋಲು ಕ್ರಿಕೆಟ್‌ನ ಸೋಲಿನ ಹಾಗಲ್ಲ. ಇದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ಅರ್ಧ ಸೀಸನ್ ಬೇಕಾಯಿತು. ಒಂದು ತಂಡ ವರ್ಷಕ್ಕೆ 162 ಮ್ಯಾಚು ಆಡುತ್ತೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ, ಹೆಚ್ಚುಕಮ್ಮಿ ದಿನಾ. ವಾರಕ್ಕೆ ಆರು, ಕೆಲವು ಸಲ ಏಳು. ಇಲ್ಲಿ ಒಂದು ಹಳೇ ಮಾತಿದೆ: ಎಷ್ಟೇ ಒಳ್ಳೆ ತಂಡವಾದರೂ 54 ಸೋಲುತ್ತೆ, ಎಷ್ಟೇ ಕೆಟ್ಟ ತಂಡವಾದರೂ 54 ಗೆಲ್ಲುತ್ತೆ, ಆಟ ಇರೋದು ಮಿಕ್ಕ 54ರಲ್ಲಿ. ಆ ವರ್ಷ ಎಲ್ಲರಿಗಿಂತ ಜಾಸ್ತಿ ಗೆದ್ದ ಲಾಸ್ ಏಂಜಲಿಸ್ ಡಾಡ್ಜರ್ಸ್ ಕೂಡ 64 ಮ್ಯಾಚು ಸೋತಿತ್ತು. ಅಂದರೆ ಸೋಲು ಇಲ್ಲಿ ಸುದ್ದಿಯಲ್ಲ. ಬೆಳಗ್ಗೆ ಹಾಲು ಬಂದ ಹಾಗೆ ಸಂಜೆ ಸೋಲು ಬರುತ್ತೆ. ಹಾಲಿನವನು ಬಾರದಿದ್ದರೆ ಮಾತ್ರ ಯಾಕೆ ಅಂತ ಕೇಳ್ತೀವಿ.

ಆರ್‌ಸಿಬಿ ಸೋಲು ಬೇರೆ ಜಾತಿಯದು. ಅಲ್ಲಿ ಪ್ರತಿ ವರ್ಷ ಕಪ್ ನಮ್ದೇ ಅಂತ ಆಸೆ ಇಟ್ಟುಕೊಂಡು, ಆ ಆಸೆ ಒಡೆದು, ಎದೆ ಹಿಡ್ಕೊಂಡು ಸೋಲ್ತಿದ್ವಿ, 2025ರಲ್ಲಿ ಕಪ್ ಗೆಲ್ಲೋವರೆಗೂ. 2024ರಲ್ಲೂ ಹಾಗೇ ಆಯಿತು. ಮೊದಲ ಎಂಟರಲ್ಲಿ ಒಂದೇ ಗೆದ್ದು, ಆಮೇಲೆ ಸಾಲಾಗಿ ಆರು ಗೆದ್ದು, ಪ್ಲೇಆಫ್‌ಗೆ ಬಂದು, ಮೇ 22ರಂದು ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಎದುರು ಸೋತರು. ಅಪ್ಪ ಟಿವಿ ಆರಿಸಿ ಸುಮ್ನೆ ಹೋಗಿ ಮಲಗಿದರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಸಂಜೆ ಎದ್ದು ಬಂದು ವೈಟ್ ಸಾಕ್ಸ್ ಹಾಕಿದರು. “ಇವರು ಪರವಾಗಿಲ್ಲ. ಇವರಿಂದ ಏನೂ ಬೇಕಾಗಿಲ್ಲ,” ಅಂದರು.

ಆ ಮಾತು ಹೇಳಿ ಒಂದು ದಿನ ಆಗಿರಲಿಲ್ಲ, ಅಪ್ಪನಿಗೂ ಏನೋ ಬೇಕಾಯಿತು.

ಮೇ 23. ಎದುರಾಳಿ ಬಾಲ್ಟಿಮೋರ್ ಓರಿಯೋಲ್ಸ್. ಒಂಬತ್ತನೇ ಇನಿಂಗ್ಸ್, ವೈಟ್ ಸಾಕ್ಸ್ 6, ಓರಿಯೋಲ್ಸ್ 8. ಒಂದು ಔಟ್ ಆಗಿದೆ, ಮೊದಲ ಬೇಸಿನಲ್ಲಿ ಒಬ್ಬ, ಎರಡನೇ ಬೇಸಿನಲ್ಲಿ ಒಬ್ಬ. ಬೇಸ್ ಅಂದರೆ ರನ್ ಆಗೋಕೆ ಒಂದೊಂದಾಗಿ ಮುಟ್ಟಿಕೊಂಡು ಸುತ್ತಬೇಕಾದ ನಿಲ್ದಾಣ. ಒಂದು ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಥರದ ಹೊಡೆತ, ಬಿದ್ದರೆ ಆ ಇಬ್ಬರೂ ಬ್ಯಾಟರೂ ಸೇರಿ ಮೂರು ರನ್, ಗೆದ್ದ ಹಾಗೆ. ಬ್ಯಾಟಿಂಗ್‌ಗೆ ಆಂಡ್ರ್ಯೂ ಬೆನಿಂಟೆಂಡಿ. ಚೆಂಡು ಬ್ಯಾಟಿನ ತಳಕ್ಕೆ ಸಿಕ್ಕಿ ನೆಟ್ಟಗೆ ಮೇಲೆ ಹೋಯಿತು. ಇಂಥ ಚೆಂಡಿಗೆ ಬೇಸ್‌ಬಾಲ್‌ನಲ್ಲಿ ಒಂದು ವಿಚಿತ್ರ ನಿಯಮ ಇದೆ. ಎರಡು ಬೇಸಿನಲ್ಲೂ ಓಟಗಾರರಿದ್ದು, ಹತ್ತಿರದ ಫೀಲ್ಡರ್‌ಗೆ ಸುಲಭದ ಕ್ಯಾಚ್ ಆದರೆ, ಹಿಡಿಯಲಿ ಬಿಡಲಿ, ಬ್ಯಾಟರ್ ಔಟ್. ಬೇಕಂತಲೇ ಚೆಂಡು ಕೆಳಗೆ ಹಾಕಿ ಇಬ್ಬರನ್ನು ಔಟ್ ಮಾಡುವ ಮೋಸ ನಡೆಯಬಾರದು ಅಂತ ಮಾಡಿದ್ದು. ಇನ್‌ಫೀಲ್ಡ್ ಫ್ಲೈ ಅಂತಾರೆ.

ಸರಿ, ಬೆನಿಂಟೆಂಡಿ ಔಟ್. ಎರಡು ಔಟ್ ಆಯಿತು, ಇನ್ನೂ ಒಂದು ಇದೆ. ಎರಡನೇ ಬೇಸಿನಿಂದ ಸ್ವಲ್ಪ ಮುಂದೆ ಬಂದಿದ್ದ ಆಂಡ್ರ್ಯೂ ವಾನ್ ವಾಪಸ್ ಬೇಸಿಗೆ ಹೋಗುತ್ತಿದ್ದ. ಚೆಂಡಿಗಾಗಿ ಮುಂದೆ ಬರುತ್ತಿದ್ದ ಓರಿಯೋಲ್ಸ್ ಫೀಲ್ಡರ್ ಗನ್ನರ್ ಹೆಂಡರ್ಸನ್‌ನ ದಾರಿಗೆ ಅಡ್ಡ ಸಿಕ್ಕ. ಹೆಂಡರ್ಸನ್ ಸ್ವಲ್ಪ ಸುತ್ತಿ ಬಂದು ಕ್ಯಾಚನ್ನೂ ಹಿಡಿದ. ಏನೂ ತೊಂದರೆ ಆಗಲಿಲ್ಲ. ಆದರೆ ಅಂಪೈರ್ ಕೈ ಎತ್ತಿದ್ದ. ಫೀಲ್ಡರ್‌ಗೆ ಅಡ್ಡ ಬಂದದ್ದಕ್ಕೆ ವಾನ್ ಕೂಡ ಔಟ್. ಒಂದೇ ಚೆಂಡಿಗೆ ಎರಡು ಔಟ್. ಆಟ ಮುಗಿಯಿತು.

ನಮ್ಮ ಲಿವಿಂಗ್ ರೂಮಿನಲ್ಲಿ ಅಪ್ಪ ಎದ್ದು ನಿಂತಿದ್ದರು. ತಾಲ್ಲೂಕು ಪಂದ್ಯಗಳಲ್ಲಿ ಇಪ್ಪತ್ತು ವರ್ಷ ರೆಫರಿ ಆಗಿದ್ದವರು. ರಿಪ್ಲೇ ಮೂರು ಸಲ ನೋಡಿದರು. ಕೊನೆಗೆ, “ರೂಲ್ ಪ್ರಕಾರ ಸರಿ. ಆದ್ರೆ ನಾನಾಗಿದ್ರೆ ಕೊಡ್ತಿರಲಿಲ್ಲ. ಹುಡುಗ ಚೆಂಡನ್ನೂ ನೋಡಿಲ್ಲ, ಅವನನ್ನೂ ನೋಡಿಲ್ಲ, ಬೇಸಿಗೆ ಹೋಗ್ತಿದ್ದ ಅಷ್ಟೇ. ಹುಡುಗನ ತಪ್ಪಲ್ಲ,” ಅಂದರು. ಷರಾ ಕಾಲಮ್ಮಿನಲ್ಲಿ ಮೊದಲ ಸಲ ಏನೋ ಬರೆದರು: “ಅಂಪೈರ್.” ಅಷ್ಟೇ. ಕೆಳಗೆ ಎರಡು ಗೆರೆ.

ಅಮ್ಮ ಅಡುಗೆಮನೆಯಿಂದ, “ನಿಮ್ಮ ಸೋಲೋರು ಸೋತ್ರಾ?” ಅಂತ ಕೂಗಿದರು. ಆವತ್ತಿಂದ ನಮ್ಮ ಮನೆಯಲ್ಲಿ ವೈಟ್ ಸಾಕ್ಸ್ ಹೆಸರೇ ‘ಸೋಲೋರು’. ಮೇ ಕೊನೆಗೆ ಕೆಂಪು ಪೆನ್ನು ಖಾಲಿಯಾಯಿತು. ನೀಲಿಯದು ಹೊಸದರ ಹಾಗೇ ಇತ್ತು.

ಯಾಕೆ ಹೀಗಾದರು ಅನ್ನುವುದನ್ನು ಅಪ್ಪನಿಗೆ ವಿವರಿಸೋಕೆ ಹೋಗಿ ನಾನೇ ಓದಿಕೊಂಡೆ. ಕಥೆ ಉದ್ದ ಇದೆ. ಈ ತಂಡ 2005ರಲ್ಲಿ ವರ್ಲ್ಡ್ ಸೀರೀಸ್, ಅಂದರೆ ಬೇಸ್‌ಬಾಲ್‌ನ ಫೈನಲ್, ಗೆದ್ದಿತ್ತು, ಅದೂ 88 ವರ್ಷದ ಮೇಲೆ. ಅದಕ್ಕೂ ಹಿಂದೆ 1919ರಲ್ಲಿ ಇದೇ ತಂಡದ ಎಂಟು ಜನ ದುಡ್ಡು ತಗೊಂಡು ವರ್ಲ್ಡ್ ಸೀರೀಸ್ ಸೋತರು ಅನ್ನುವ ಆರೋಪಕ್ಕೆ ಜೀವನಪೂರ್ತಿ ಆಟದಿಂದ ಹೊರಗೆ ಹೋದರು. ಬೇಕಂತ ಸೋತು ಹೆಸರಾದ ತಂಡ, ನೂರು ವರ್ಷದ ಮೇಲೆ ಬೇಡ ಬೇಡ ಅಂದರೂ ಸೋತು ಹೆಸರಾಯಿತು.

2016ರ ಕೊನೆಗೆ ಮಾಲೀಕರು ಹಳೇ ಮನೆ ಕೆಡವಿ ಹೊಸದು ಕಟ್ಟೋಣ ಅಂತ ಹೊರಟರು. ಒಳ್ಳೆ ಆಟಗಾರರನ್ನೆಲ್ಲ ಬೇರೆ ತಂಡಗಳಿಗೆ ಕೊಟ್ಟು, ಬದಲಿಗೆ ಎಳೆ ಹುಡುಗರನ್ನು ತಂದರು. 2018ರಲ್ಲಿ 100 ಸೋಲು. ಪರವಾಗಿಲ್ಲ, ಪಾಯ ತೋಡುವಾಗ ಮಣ್ಣು ಬೀಳುತ್ತೆ ಅಂದುಕೊಂಡರು. 2021ರಲ್ಲಿ 93 ಗೆದ್ದು ತಮ್ಮ ಡಿವಿಷನ್‌ನಲ್ಲಿ, ಅಂದರೆ ಐದು ತಂಡದ ಗುಂಪಿನಲ್ಲಿ, ಮೊದಲು ಬಂದರು. ಮನೆ ಎದ್ದಿತು ಅಂತ ಜನ ಖುಷಿಪಟ್ಟರು. ಒಂದೇ ಮಳೆಗಾಲ. 2022ರಲ್ಲಿ 81 ಗೆಲುವು 81 ಸೋಲು. 2023ರಲ್ಲಿ 101 ಸೋಲು. ಗಾರೆ ಒಣಗುವ ಮುಂಚೆಯೇ ಸೋರಿತು.

ಸೋರಿದ್ದು ಎಲ್ಲಿಂದ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನನ್ನ ಲೆಕ್ಕದಲ್ಲಿ ಚಾವಣಿಯಿಂದ. ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ ಈ ತಂಡ ಕೊಂಡಿದ್ದು 1981ರಲ್ಲಿ. ಮೈಕಲ್ ಜೋರ್ಡನ್ ಆಡಿದ ಬುಲ್ಸ್ ಬಾಸ್ಕೆಟ್‌ಬಾಲ್ ತಂಡವೂ ಇವರದೇ. 1986ರಲ್ಲಿ ಟೋನಿ ಲಾ ರೂಸಾ ಅನ್ನುವ ಮ್ಯಾನೇಜರನ್ನು (ಬೇಸ್‌ಬಾಲ್‌ನಲ್ಲಿ ಕೋಚ್‌ಗೆ ಹಾಗಂತಾರೆ) ಇವರ ತಂಡ ಮನೆಗೆ ಕಳಿಸಿತು. ಆತ ಬೇರೆ ಕಡೆ ಹೋಗಿ ದೊಡ್ಡ ಹೆಸರು ಮಾಡಿದ. ಆವತ್ತು ಕಳಿಸಿದ್ದು ತಪ್ಪಾಯಿತು ಅಂತ ಮಾಲೀಕರಿಗೆ ಕೊರಗು. 34 ವರ್ಷದ ಮೇಲೆ, 2020ರಲ್ಲಿ, ಲಾ ರೂಸಾಗೆ 76 ವಯಸ್ಸಾಗಿದ್ದಾಗ, ನಿವೃತ್ತಿಯಿಂದ ಎಬ್ಬಿಸಿ ಕರೆತಂದು ಈ ಎಳೆ ಹುಡುಗರ ತಲೆ ಮೇಲೆ ಕೂರಿಸಿದರು. ಹಳೇ ಪಾಪಕ್ಕೆ ಪ್ರಾಯಶ್ಚಿತ್ತ ಮಾಡಿಕೊಳ್ಳಲಿ, ಬೇಡ ಅನ್ನಲ್ಲ. ಅದನ್ನು ಸ್ವಂತ ಮನೆಯಲ್ಲಿ ಮಾಡಿಕೊಳ್ಳಬೇಕು ತಾನೇ.

ಇನ್ನೊಂದು ವಿಷಯ. ಯುರೋಪಿನ ಫುಟ್‌ಬಾಲ್‌ನಲ್ಲಿ ಕೊನೆಗೆ ಬಂದ ತಂಡ ಕೆಳಗಿನ ಲೀಗಿಗೆ ಬೀಳುತ್ತೆ. ಅಮೆರಿಕದಲ್ಲಿ ಅದಿಲ್ಲ. ಮೂವತ್ತು ತಂಡ, ಮೂವತ್ತೂ ಖಾಯಂ. ಫೇಲಾದರೂ ಅದೇ ಕ್ಲಾಸು, ಅದೇ ಬೆಂಚು. ಅಪ್ಪನಿಗೆ ಇದು ತುಂಬಾ ವಿಚಿತ್ರ ಅನ್ನಿಸಿತು. “ಹಂಗಾದ್ರೆ ಭಯ ಯಾರಿಗೆ?” ಅಂತ ಕೇಳಿದರು. ಆಟಗಾರರಿಗೆ, ಅಂದೆ. ಮ್ಯಾನೇಜರ್‌ಗೆ, ಅಂದೆ. ಮಾಲೀಕರಿಗೆ ಅಂತ ನಾಲಿಗೆ ಹೊರಳಲಿಲ್ಲ.

ಬೇಸಿಗೆಯ ಮಧ್ಯಕ್ಕೆ ಬರುವಷ್ಟರಲ್ಲಿ ಅಪ್ಪನಿಗೆ ಆಟಗಾರರ ಹೆಸರು ಬಾಯಿಗೆ ಬಂದಿದ್ದವು. ಅವರಿಗೆ ಇಷ್ಟವಾದವನು ಗ್ಯಾರೆಟ್ ಕ್ರೋಶೆ. ಎಡಗೈ ಪಿಚರ್, ಅಂದರೆ ಬೇಸ್‌ಬಾಲ್‌ನ ಬೌಲರ್, ಆರಡಿ ಮೀರಿದ ಆಳು. ಆ ವರ್ಷ 146 ಇನಿಂಗ್ಸಿನಲ್ಲಿ 209 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್, ಅಂದರೆ ಬರೀ ತನ್ನ ಎಸೆತದಲ್ಲೇ ಔಟ್, ಮಾಡಿದ. ಆದರೂ ಅವನ ಲೆಕ್ಕಕ್ಕೆ ಬಂದಿದ್ದು 6 ಗೆಲುವು, 12 ಸೋಲು. ಬೇಸ್‌ಬಾಲ್‌ನಲ್ಲಿ ಗೆಲುವು ಸೋಲನ್ನು ಪಿಚರ್ ಹೆಸರಿಗೂ ಬರೆಯುತ್ತಾರೆ. ಅವನು ಎಷ್ಟು ಚೆನ್ನಾಗಿ ಎಸೆದರೂ ಈ ಕಡೆ ಹೊಡೆಯುವವರು ಇರಬೇಕಲ್ಲ? ಇಡೀ ವರ್ಷ ತಂಡ ಹೊಡೆದದ್ದು 507 ರನ್, ಮೂವತ್ತು ತಂಡಗಳಲ್ಲಿ ಎಲ್ಲರಿಗಿಂತ ಕಮ್ಮಿ. ಬಿಟ್ಟುಕೊಟ್ಟಿದ್ದು 813.

ಜುಲೈ 10ರಿಂದ ಏನಾಯಿತು ಅಂದರೆ, ಗೆಲುವು ಅನ್ನುವುದೇ ನಿಂತುಹೋಯಿತು. ಹತ್ತು ಸೋತರು. ಹದಿನಾಲ್ಕು ಸೋತರು. ಹದಿನಾಲ್ಕು ಹೊಸದೇನಲ್ಲ, ಮೇ ಜೂನ್‌ನಲ್ಲಿ ಒಂದು ಸಲ ಆಗಿತ್ತು. ಈ ಸಲ ಅಲ್ಲಿಗೂ ನಿಲ್ಲಲಿಲ್ಲ. ಮಧ್ಯೆ ಜುಲೈ 25ರಂದು ಡಿಲನ್ ಸೀಸ್ ಅನ್ನುವ ಪಿಚರ್ ವಾಷಿಂಗ್ಟನ್‌ನಲ್ಲಿ ನೋ-ಹಿಟರ್ ಎಸೆದ. ಇಡೀ ಮ್ಯಾಚಿನಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಗೆಲ್ಲೋದು. ಪಿಚರ್‌ಗಳಿಗೆ ಜನ್ಮಕ್ಕೊಮ್ಮೆ ಸಿಗೋದು, ಎಷ್ಟೋ ಜನಕ್ಕೆ ಅದೂ ಇಲ್ಲ. ಈ ಸೀಸ್ ಮಾರ್ಚ್‌ವರೆಗೂ ವೈಟ್ ಸಾಕ್ಸ್‌ನಲ್ಲೇ ಇದ್ದ. ಸೀಸನ್ ಶುರುವಾಗುವ ಹೊತ್ತಿಗೆ ಸ್ಯಾನ್ ಡಿಯಾಗೋಗೆ ಕೊಟ್ಟಿದ್ದರು. ಜುಲೈ ಕೊನೆಯಲ್ಲಿ ಇನ್ನೂ ಕೆಲವರು ಹೋದರು. ಹೋಮ್ ರನ್ ಹೊಡೀತಿದ್ದ ಪಾಲ್ ಡಿಯಾಂಗ್ ಹೋಗಿದ್ದು ಕ್ಯಾನ್ಸಸ್ ಸಿಟಿ ರಾಯಲ್ಸ್‌ಗೆ. ಆ ರಾಯಲ್ಸ್ ಹಿಂದಿನ ವರ್ಷ ತಾವೇ 106 ಸೋತಿದ್ದವರು. ಈ ವರ್ಷ ವೈಟ್ ಸಾಕ್ಸ್ ಎದುರು ಆಡಿದ 13ರಲ್ಲಿ 12 ಗೆದ್ದು, ಪ್ಲೇಆಫ್ ಸೇರಿದರು. ನಮ್ಮನೆ ಅಕ್ಕಿ, ಅವರ ಮನೆ ಪಾಯಸ.

“ಹೆಸರು ಕಲಿಯೋಷ್ಟರಲ್ಲಿ ಟಿ.ಸಿ. ಕೊಟ್ಟು ಕಳಿಸ್ತಾರಲ್ಲೋ,” ಅಂತ ಅಪ್ಪ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೋದವರ ಪಟ್ಟಿ ಮಾಡಿದರು.

ಇಪ್ಪತ್ತು ಸೋಲು ಆದಮೇಲೆ ನಾನೂ ಆಫೀಸಿನಲ್ಲಿ ಕದ್ದು ಸ್ಕೋರ್ ನೋಡುವವನಾದೆ. ಗೆಲ್ಲಲಿ ಅಂತಲೋ, ದಾಖಲೆ ಆಗಲಿ ಅಂತಲೋ, ನನಗೇ ಖಚಿತ ಇರಲಿಲ್ಲ. 21ಕ್ಕೆ ಅಮೆರಿಕನ್ ಲೀಗಿನ (ಎರಡು ಲೀಗುಗಳಲ್ಲಿ ವೈಟ್ ಸಾಕ್ಸ್ ಇರುವುದು) ಸಾಲು ಸೋಲಿನ ದಾಖಲೆ ಸಮ ಆಯಿತು, 1988ರ ಓರಿಯೋಲ್ಸ್ ಜೊತೆ. ಮಾರನೇ ದಿನ, ಆಗಸ್ಟ್ 6, ಓಕ್ಲಂಡ್‌ನಲ್ಲಿ ಮ್ಯಾಚು. ಓಕ್ಲಂಡ್ ತಂಡವೂ ಆ ವರ್ಷ ಊರು ಬಿಟ್ಟು ಹೋಗುವುದಿತ್ತು. ಖಾಲಿ ಖಾಲಿ ಸ್ಟೇಡಿಯಂ. ಒಂದು ಮನೆ ಮಾರಿದವರು, ಇನ್ನೊಂದು ಮನೆ ಸೋರುವವರು. ಪಶ್ಚಿಮದ ಟೈಮು, ಮುಗಿಯುವಷ್ಟರಲ್ಲಿ ನಮಗೆ ರಾತ್ರಿ ಹನ್ನೊಂದು ದಾಟಿತ್ತು. ಅಮ್ಮ, ಹೆಂಡತಿ, ಮಗಳು ಎಲ್ಲ ಮಲಗಿದ್ದರು. ನಾನೂ ಅಪ್ಪನೂ ಸೌಂಡ್ ಕಮ್ಮಿ ಮಾಡಿಕೊಂಡು ಕೂತಿದ್ದೆವು.

5-1ರಲ್ಲಿ ಗೆದ್ದರು.

ಅಪ್ಪ ಚಪ್ಪಾಳೆ ಹೊಡೆಯಲಿಲ್ಲ. ನೀಲಿ ಪೆನ್ನು ತಗೊಂಡರು. ಅದು ಬರೆಯಲಿಲ್ಲ. ನಾಲ್ಕು ವಾರ ಮುಟ್ಟದೆ ಇಂಕು ಒಣಗಿತ್ತು. ಹಳೇ ಪೇಪರಿನ ಅಂಚಿನಲ್ಲಿ ಸುತ್ತಿ ಸುತ್ತಿ ಗೀಚಿ, ತುದಿಗೆ ಊದಿ, ಕೊನೆಗೆ ಬರೆಸಿದರು. ಎರಡು ದಿನ ಬಿಟ್ಟು ಮ್ಯಾನೇಜರ್ ಪೆಡ್ರೋ ಗ್ರಿಫೋಲ್‌ರನ್ನು ತೆಗೆದರು. ಆಗ ಲೆಕ್ಕ 28 ಗೆಲುವು, 89 ಸೋಲು. “ಸೋತಾಗ ತೆಗೀಲಿಲ್ಲ, ಗೆದ್ದ ಮೇಲೆ ತೆಗೆದ್ರು,” ಅಂತ ಅಪ್ಪ ನಕ್ಕರು. ಹಾಗೇನಿಲ್ಲ, ಮಧ್ಯೆ ಇನ್ನೊಂದು ಸೋತಿದ್ದರು. ಆದರೆ ಅಪ್ಪನ ನಗು ಕೆಡಿಸೋದು ಬೇಡ ಅಂತ ಸುಮ್ಮನಾದೆ.

ಸೆಪ್ಟೆಂಬರ್ 22ಕ್ಕೆ 120ನೇ ಸೋಲು. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ಕೂಡ 120 ಸೋತಿತ್ತು. 1900ರಿಂದ ಈಚೆಗೆ ಅದಕ್ಕಿಂತ ಜಾಸ್ತಿ ಯಾರೂ ಸೋತಿರಲಿಲ್ಲ. ಮೆಟ್ಸ್‌ಗೆ ಒಂದು ನೆಪ ಇತ್ತು, ಅದು ಅವರ ಮೊದಲ ವರ್ಷ. ಬೇರೆ ತಂಡಗಳು ಬೇಡ ಅಂದವರನ್ನು ಸೇರಿಸಿ ಕಟ್ಟಿದ ಟೀಮು. ಅದಕ್ಕೂ ಹಿಂದೆ, 1899ರಲ್ಲಿ, ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್ 134 ಸೋತಿತ್ತು. ಆ ಮಾಲೀಕರಿಗೆ ಸೇಂಟ್ ಲೂಯಿಸ್‌ನಲ್ಲಿ ಇನ್ನೊಂದು ತಂಡ ಇತ್ತು, ಒಳ್ಳೆ ಆಟಗಾರರನ್ನೆಲ್ಲ ಅಲ್ಲಿಗೆ ಸಾಗಿಸಿ ಇಲ್ಲಿ ಚರಟ ಉಳಿಸಿದ್ದರು. ವೈಟ್ ಸಾಕ್ಸ್‌ಗೆ ಈ ಎರಡು ನೆಪವೂ ಇರಲಿಲ್ಲ.

24ನೇ ತಾರೀಖು ಮಂಗಳವಾರ, ಮನೆಯಂಗಳದಲ್ಲೇ ಏಂಜಲ್ಸ್ ಎದುರು ಮ್ಯಾಚು. ಸೋತರೆ ಹೊಸ ದಾಖಲೆ. ಟಿಕೆಟ್ ತೆಗೆದೆ. “ಸೋಲೋದನ್ನ ನೋಡೋಕೆ ಅಷ್ಟು ದೂರ ಯಾಕೆ? ಇಲ್ಲೇ ಕಾಣುತ್ತಲ್ಲ,” ಅಂತ ಅಮ್ಮ ಬರಲಿಲ್ಲ. ನಾನು, ಅಪ್ಪ, ಮಗಳು ಮೂವರೂ ಹೊರಟೆವು. ಹೈವೇ 55 ಹಿಡಿದು 35ನೇ ಸ್ಟ್ರೀಟಿಗೆ. ಅಪ್ಪ ನೋಟ್‌ಬುಕ್ಕನ್ನು ಶಾಲಿನೊಳಗೆ ಸುತ್ತಿ ಹಿಡಿದಿದ್ದರು, ಸೆಕ್ಯುರಿಟಿಯವರು ಕಿತ್ಕೊಂಡರೆ ಅಂತ.

ಜನ 17 ಸಾವಿರ ಮೀರಿ ಬಂದಿದ್ದರು. ಇಡೀ ವರ್ಷ ಖಾಲಿ ಕುರ್ಚಿ ನೋಡಿದ್ದ ಮೈದಾನಕ್ಕೆ ಸೋಲಿನ ಜಾತ್ರೆಗೆ ಜನ. ತಂಡವನ್ನು ಮಾರಿ ಅಂತ ಮಾಲೀಕರಿಗೆ ಕೂಗು. ಮಗಳಿಗೆ ಮ್ಯಾಚಿಗಿಂತ ಮಿಲ್ಕ್‌ಶೇಕ್ ಮುಖ್ಯ. ಆ ವರ್ಷ ವೈಟ್ ಸಾಕ್ಸ್ ಮೈದಾನದಲ್ಲಿ ಹೆಸರು ಮಾಡಿದ್ದು ಅದೊಂದೇ.

ನಮ್ಮ ಪಕ್ಕದಲ್ಲಿ ವಯಸ್ಸಾದ ಒಬ್ಬರು ಒಂಟಿಯಾಗಿ ಕೂತಿದ್ದರು. ತೊಡೆ ಮೇಲೆ ಸ್ಕೋರ್‌ಕಾರ್ಡು, ಕೈಯಲ್ಲಿ ಮೋಟು ಪೆನ್ಸಿಲ್. ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ‘ಕೆ’ ಅಕ್ಷರ ಬರೀತಿದ್ದರು. ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದರೆ ‘ಕೆ’ಯನ್ನು ತಿರುಗುಮುರುಗು ಮಾಡಿ ಬರೀತಿದ್ದರು. ಅಪ್ಪ ಮೂರು ಇನಿಂಗ್ಸು ಅದನ್ನೇ ನೋಡಿದರು. ಆಮೇಲೆ ತಮ್ಮ ನೋಟ್‌ಬುಕ್ ತೆಗೆದು ತೋರಿಸಿದರು. ಆತ ಪುಟ ತಿರುಗಿಸಿದರು. ಕನ್ನಡ ಅಂಕಿಗಳು, ಕೆಂಪು, ಕೆಂಪು, ಕೆಂಪು. ಮೇ 23ರ ಪುಟಕ್ಕೆ ಬಂದು ಎರಡು ಗೆರೆಯ ಮೇಲೆ ಬೆರಳಿಟ್ಟು ಏನಿದು ಅನ್ನುವ ಹಾಗೆ ನೋಡಿದರು. ಅಪ್ಪ “ಅಂಪೈರ್” ಅಂದರು. ಆತನಿಗೆ ತಕ್ಷಣ ಗೊತ್ತಾಯಿತು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಅಪ್ಪ ತಮ್ಮ ಸ್ಕೂಲ್ ಇಂಗ್ಲಿಷಿನಲ್ಲಿ, ಎಲ್ಲ ಸೋಲ್ತಾನೇ ಇದ್ದಾರೆ, ನೀವು ಯಾಕೆ ಬರ್ತೀರಿ ಅಂತ ಕೇಳಿದರು. ಆತ ಪ್ರಶ್ನೆಯೇ ಅರ್ಥವಾಗದವರ ಹಾಗೆ ನೋಡಿ, “ಇವತ್ತು ಮಂಗಳವಾರ. ಮ್ಯಾಚಿದೆ,” ಅಂದರು.

ಏಳು ಇನಿಂಗ್ಸ್ ಮುಗಿದಾಗ ಏಂಜಲ್ಸ್ 2, ನಾವು ಸೊನ್ನೆ. ಜನ ಫೋನು ಹಿಡಿದು ರೆಡಿ. ಎಂಟನೇ ಇನಿಂಗ್ಸಿನಲ್ಲಿ ಸೋಲೋರಿಗೆ ಏನಾಯಿತೋ, ಮೂರು ರನ್ ಹೊಡೆದರು. 3-2. ಗೆದ್ದೇ ಬಿಟ್ಟರು. ಅಷ್ಟು ಜನಕ್ಕೂ ಒಂದು ಕ್ಷಣ ಏನು ಮಾಡಬೇಕು ಅಂತ ತಿಳಿಯಲಿಲ್ಲ. ಸಾವಿಗೆ ಅಂತ ಬಂದವರ ಎದುರು ಅಜ್ಜಿ ಎದ್ದು ಕೂತು ಕಾಫಿ ಕೇಳಿದ ಹಾಗೆ. ಖುಷಿಪಟ್ಟರು, ಅದರಲ್ಲಿ ಸ್ವಲ್ಪ ಮೋಸ ಹೋದ ಮುಖವೂ ಇತ್ತು. ನನ್ನದೂ ಅದೇ ಮುಖ ಅಂತ ಮಗಳು ಹೇಳಿದಳು. ಪಕ್ಕದವರು ಕಾರ್ಡಿನ ಕೊನೆಯ ಚೌಕ ತುಂಬಿ, ಪೆನ್ಸಿಲ್ ಜೇಬಿಗಿಟ್ಟು, ಅಪ್ಪನ ಭುಜ ತಟ್ಟಿ ಹೊರಟರು. ಅಪ್ಪನ ನೀಲಿ ಪೆನ್ನು ಈ ಸಲ ಸರಿಯಾಗಿ ಬರೆಯಿತು. ಆ ವಾರ ಏಂಜಲ್ಸ್ ಎದುರು ಮೂರಕ್ಕೆ ಮೂರೂ ಗೆದ್ದರು. ಒಟ್ಟಿನಲ್ಲಿ ಊರಿನವರ ಮುಂದೆ ಆ ಸೋಲು ಸೋಲಲಿಲ್ಲ.

ಸೋತಿದ್ದು 27ಕ್ಕೆ, ಡೆಟ್ರಾಯಿಟ್‌ನಲ್ಲಿ, 4-1. ಅಲ್ಲಿ ಆವತ್ತೇ ಇನ್ನೊಂದು ನಡೆಯಿತು. ಅದೇ ಗೆಲುವಿನಿಂದ ಟೈಗರ್ಸ್ ತಂಡ 2014ರ ನಂತರ ಮೊದಲ ಸಲ ಪ್ಲೇಆಫ್ ಸೇರಿತು. ಮೈದಾನದ ತುಂಬ ಅವರ ಕುಣಿತ. 121 ಸೋತವರು ಅದರ ಪಕ್ಕದಲ್ಲೇ ಒಳಗೆ ನಡೆದು ಹೋಗಬೇಕು. ಈ ಟೈಗರ್ಸ್ ಯಾರು ಗೊತ್ತಾ? 2003ರಲ್ಲಿ 119 ಸೋತವರು. ಕೊನೆಯ ವಾರದಲ್ಲಿ ಹೇಗೋ ಗೆದ್ದು ಮೆಟ್ಸ್ ದಾಖಲೆಯಿಂದ ತಪ್ಪಿಸಿಕೊಂಡಿದ್ದರು. ಮೂರು ವರ್ಷಕ್ಕೆ, 2006ರಲ್ಲಿ, ವರ್ಲ್ಡ್ ಸೀರೀಸ್ ಆಡಿದರು.

ಟಿವಿಯಲ್ಲಿ ಟೈಗರ್ಸ್ ಕುಣಿಯುತ್ತಿದ್ದರೆ ಅಪ್ಪ ಆ ಕಡೆ ನೋಡುತ್ತಿರಲಿಲ್ಲ. ಹಿಂದೆ ಮಸುಕಾಗಿ ಕಾಣುತ್ತಿದ್ದ ಬೂದು ಬಟ್ಟೆಯವರನ್ನು ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ಏನಪ್ಪಾ ಅಂತ ಕೇಳಿದೆ. “ಏನಿಲ್ಲ. ಎಣಿಸ್ತಿದ್ದೆ,” ಅಂದರು.

ಮಿಕ್ಕ ಎರಡು ಮ್ಯಾಚನ್ನು ಅವರು ಗೆದ್ದರು. ಯಾರೂ ನೋಡಲಿಲ್ಲ ಅಂತ ಅಂದುಕೊಳ್ಳಿ. 41 ಗೆಲುವು, 121 ಸೋಲು. ಆ ಮ್ಯಾಚು ತೋರಿಸುತ್ತಿದ್ದ ಚಾನೆಲ್ಲೂ ಆ ತಿಂಗಳ ಕೊನೆಗೆ ಮುಚ್ಚಿತು. ಅಪ್ಪ ಅಮ್ಮನ ಫ್ಲೈಟು ಅಕ್ಟೋಬರ್ ಮೊದಲ ವಾರ. ಸೂಟ್‌ಕೇಸ್ ತೂಕ ಜಾಸ್ತಿಯಾಗಿ ಅಮ್ಮ ಒಂದೊಂದೇ ಸಾಮಾನು ತೆಗೆದರು. ನೋಟ್‌ಬುಕ್ ತೆಗೆಯೋಕೆ ಅಪ್ಪ ಬಿಡಲಿಲ್ಲ.

ಆಮೇಲಿನ ಸುದ್ದಿಯನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದೆ. ಡಿಸೆಂಬರ್‌ನಲ್ಲಿ ಕ್ರೋಶೆಯನ್ನು ಬಾಸ್ಟನ್‌ಗೆ ಕೊಟ್ಟರು. ಕೊನೆಗೆ ಬಂದವರಿಗೆ ಹೊಸ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಸಿಗಬೇಕಿತ್ತು. ಅದಕ್ಕೂ ಲಾಟರಿ ಇದೆ, ಅದಕ್ಕೊಂದು ನಿಯಮ ಇದೆ. ದೊಡ್ಡ ಊರಿನ ದುಡ್ಡಿರುವ ತಂಡಕ್ಕೆ ಎರಡು ವರ್ಷ ಸಾಲಾಗಿ ಲಾಟರಿ ಹೊಡೆಯುವಂತಿಲ್ಲ. ಹಾಗಾಗಿ 121 ಸೋತೂ ಅವರಿಗೆ ಸಿಕ್ಕಿದ್ದು ಹತ್ತನೇ ಸರದಿ. ಸೋಲೋದರಲ್ಲೂ ಬಹುಮಾನ ಬರಲಿಲ್ಲ. ಮೇ 2025ರಲ್ಲಿ ಹೊಸ ಪೋಪ್ ಆಯ್ಕೆಯಾದರು. ಶಿಕಾಗೋ ದಕ್ಷಿಣದವರು, ವೈಟ್ ಸಾಕ್ಸ್ ಅಭಿಮಾನಿ, 2005ರ ವರ್ಲ್ಡ್ ಸೀರೀಸ್ ಮೈದಾನದಲ್ಲಿ ಕೂತು ನೋಡಿದವರು. ಅಪ್ಪ ಪೇಪರಿನಲ್ಲಿ ಓದಿ ಬೆಳಗಿನ ಜಾವ ಫೋನ್ ಮಾಡಿದ್ದರು. “ದೇವರ ಹತ್ರ ನೇರ ಲೈನ್ ಇದೆಯಲ್ಲೋ ಈಗ!” ಅಂತ.

ಲೈನ್ ಅಷ್ಟೇನೂ ಸಿಗಲಿಲ್ಲ. 2025ರಲ್ಲಿ 60 ಗೆಲುವು, 102 ಸೋಲು. ಸೀಸನ್ ಮುಗಿದ ವಾರ ಅಪ್ಪನಿಗೆ ಹೇಳಿದೆ. “ಫೇಲೇ. ಆದ್ರೆ ಮಾರ್ಕ್ಸ್ ಜಾಸ್ತಿ ಬಂದಿದೆ,” ಅಂದರು. ಹಿಂದೆ ಪುಟ ತಿರುಗಿಸುವ ಸದ್ದು ಕೇಳಿಸಿತು.

“ಆ ಹುಡುಗ ಏನಾದ? ಎರಡನೇ ಬೇಸಲ್ಲಿ ಸಿಕ್ಕೊಂಡನಲ್ಲ, ವಾನ್?”

ಜೂನ್‌ನಲ್ಲಿ ಅವನಿಗೂ ಟಿ.ಸಿ. ಕೊಟ್ಟರು ಅಂದೆ. ಇಲ್ಲೇ ಪಕ್ಕದ ಮಿಲ್ವಾಕಿಗೆ. ಅಲ್ಲಿಗೆ ಹೋಗಿದ್ದೇ ತಡ, ಸಿಕ್ಕಾಪಟ್ಟೆ ಹೊಡೆಯೋಕೆ ಶುರು ಮಾಡಿದ. ಆ ತಂಡ ಈ ವರ್ಷ 97 ಗೆದ್ದಿದೆ, ಎಲ್ಲರಿಗಿಂತ ಜಾಸ್ತಿ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೈನ್ ಹೋಯಿತೇನೋ ಅಂದುಕೊಂಡೆ.

“ಅಂಪೈರು ಇನ್ನೂ ಇದಾನಾ?” ಅಂತ ಕೇಳಿದರು.